ಕಾಖೇತಿಗೆ ಒಂದು ದಿನ: ಯಾವ ವೈನ್ ಪ್ರವಾಸ ಆರಿಸಬೇಕು?

ಜಾರ್ಜಿಯಾ ದೇಶದ ರಾಜಧಾನಿ ಟಿಬಿಲಿಸಿಯ ಹಳೇ ಪೇಟೆಯಲ್ಲಿ ಹತ್ತು ಹೆಜ್ಜೆಗೊಂದು ಪ್ರವಾಸದ ಮಳಿಗೆ. ಎಲ್ಲರ ಫಲಕದಲ್ಲೂ ಒಂದೇ ಪಲ್ಲವಿ: ಸಾಂಪ್ರದಾಯಿಕ, ಸಾವಯವ, 8000 ವರ್ಷಗಳ ಪರಂಪರೆ, ಬೆಳಗ್ಗೆ ಹೊರಟು ರಾತ್ರಿ ವಾಪಸ್. ಬೆಲೆಯಲ್ಲಿ ಮಾತ್ರ ನಾಲ್ಕೈದು ಪಟ್ಟು ಅಂತರ. ದುಬೈ, ಮಸ್ಕತ್‌ಗಳಿಂದ ರಜೆಗೆ ಹಾರಿ ಬರುವ ಕನ್ನಡಿಗರಿಗೆ, ಇಲ್ಲಿ ಮೆಡಿಕಲ್ ಓದುವ ಮಕ್ಕಳನ್ನು ನೋಡಲು ಬರುವ ಅಪ್ಪ ಅಮ್ಮಂದಿರಿಗೆ ಪೂರ್ವದ ಕಾಖೇತಿಯಂಥ ವೈನ್ ಸೀಮೆಗೆಂದು ಮೀಸಲಿಡಲು ಸಿಗುವುದು ಸಾಮಾನ್ಯವಾಗಿ ಒಂದೇ ದಿನ.

ನಮ್ಮ ಉತ್ತರ ಮೊದಲೇ ಹೇಳಿಬಿಡುತ್ತೇವೆ. ಎರಡು ಮರಾನಿ, ಒಂದು ನಿಧಾನವಾದ ಊಟ, ಗಾಡಿಯಲ್ಲಿ ಒಟ್ಟು ನಾಲ್ಕು ಗಂಟೆಗಿಂತ ಹೆಚ್ಚಿಲ್ಲದ ದಾರಿ. ಈ ಮೂರು ಸಿಗುವ ಪ್ರವಾಸ ಯಾವುದಾದರೂ ಒಳ್ಳೆಯದೇ. ಮರಾನಿ ಅಂದರೆ ವೈನ್ ಮಾಡುವ, ಇಡುವ ಕೋಣೆ. ದಿನಕ್ಕೆ ಐದು ಮರಾನಿ ತೋರಿಸುತ್ತೇವೆ ಅನ್ನುವವರು ಐದು ಕೌಂಟರ್ ತೋರಿಸುತ್ತಾರೆ, ಅಷ್ಟೇ.

ಮೂರು ಬೇರೆ ಬೇರೆ ಮಾತು

ಸಾಂಪ್ರದಾಯಿಕ, ಸಾವಯವ, ನೈಸರ್ಗಿಕ. ಜಾಹೀರಾತಿನಲ್ಲಿ ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ. ಆದರೆ ಒಂದಕ್ಕೂ ಇನ್ನೊಂದಕ್ಕೂ ಗಂಟು ಬಿದ್ದಿಲ್ಲ.

ಸಾಂಪ್ರದಾಯಿಕ ಅನ್ನುವುದು ಪಾತ್ರೆಯ ಮಾತು. ಕ್ವೆವ್ರಿ ಎಂದರೆ ಮೊಟ್ಟೆಯಾಕಾರದ, ತಳ ಚೂಪಾದ ಮಣ್ಣಿನ ಗುಡಾಣ. ಕೊರಳತನಕ ನೆಲದಲ್ಲಿ ಹೂತಿರುತ್ತದೆ. ನಮ್ಮ ಉತ್ತರ ಕರ್ನಾಟಕದ ಹಗೇವಿನಲ್ಲಿ ಜೋಳ ಇಡುತ್ತಿದ್ದಂತೆ ಇಲ್ಲಿ ವೈನ್ ಇಡುತ್ತಾರೆ ಅಂದುಕೊಳ್ಳಿ. ಈ ವಿಧಾನವನ್ನು ಯುನೆಸ್ಕೋ 2013ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಆ ಗುಡಾಣಕ್ಕೆ ಹಾಕುವ ದ್ರಾಕ್ಷಿಗೆ ಯಾವ ಮದ್ದು ಹೊಡೆದಿದ್ದರು ಎಂಬುದನ್ನು ಗುಡಾಣ ಹೇಳುವುದಿಲ್ಲ. ರಾಸಾಯನಿಕ ಹೊಡೆದು ಬೆಳೆದ ಹಣ್ಣಿನ ಕ್ವೆವ್ರಿ ವೈನ್ ಬೇಕಾದಷ್ಟಿದೆ.

ಸಾವಯವ ಅನ್ನುವುದು ಮುಖ್ಯವಾಗಿ ತೋಟದ ಮಾತು, ಮತ್ತು ಕಾಗದದ ಮಾತು. ಜಾರ್ಜಿಯಾದಲ್ಲಿ ಪ್ರಮಾಣಪತ್ರ ಕೊಡುವ ಸ್ಥಳೀಯ ಸಂಸ್ಥೆ ಕಾಕಸ್ಸರ್ಟ್. ಯುರೋಪಿಯನ್ ಒಕ್ಕೂಟದ ಸಾವಯವ ನಿಯಮ ವೈನ್ ಕೋಣೆಗೂ ಕಾಲಿಡುತ್ತದೆ: ವೈನ್ ಕೆಡದಂತೆ ಹಾಕುವ ಗಂಧಕದ ಸಲ್ಫೈಟ್ ಮಿತಿ ಸಿಹಿಯಿಲ್ಲದ ಕೆಂಪು ವೈನ್‌ಗೆ ಲೀಟರಿಗೆ 100 ಮಿಲಿಗ್ರಾಂ, ಬಿಳಿಗೆ 150; ಸಾಮಾನ್ಯ ವೈನ್‌ಗೆ ಅದೇ 150 ಮತ್ತು 200. ಹಾಗೆಂದು ಸಾವಯವ ವೈನ್ ಗುಡಾಣದಲ್ಲೇ ಆಗಬೇಕೆಂದಿಲ್ಲ, ಸ್ಟೀಲ್ ಟ್ಯಾಂಕಿನಲ್ಲೂ ಆಗುತ್ತದೆ. ಇತ್ತ ಒಂದೂವರೆ ಎಕರೆಯ ಸಣ್ಣ ರೈತ ನಿಜವಾಗಿಯೂ ಸಾವಯವವಾಗಿ ಬೆಳೆದರೂ ಪತ್ರದ ಖರ್ಚು ಬೇಡವೆಂದು ಸುಮ್ಮನಿರಬಹುದು.

ನೈಸರ್ಗಿಕ ಅನ್ನುವುದು ಕೈಯ ಮಾತು. ಕೊಂಡು ತಂದ ಯೀಸ್ಟ್ ಇಲ್ಲ, ಹಣ್ಣಿನ ಮೇಲಿನ ಹುದುಗಿನಿಂದಲೇ ಹುಳಿತ, ಸೋಸುವುದಿಲ್ಲ, ಗಂಧಕ ಇಲ್ಲ ಅಥವಾ ಬಾಟಲಿಗೆ ತುಂಬುವಾಗ ಚೂರು ಮಾತ್ರ.

ಮೂರೂ ಕೂಡಿದ ಮರಾನಿಗಳು ಇವೆ. ದಿನಕ್ಕೆ ಅಂಥವು ಎರಡು ಸಾಕು.

ಅಂದಹಾಗೆ ಆ 8000 ವರ್ಷ ಸುಳ್ಳಲ್ಲ. ಕ್ರಿಸ್ತಪೂರ್ವ 6000ದ ಆಸುಪಾಸಿನ ಮಡಕೆ ಚೂರುಗಳಲ್ಲಿ ದ್ರಾಕ್ಷಿ ವೈನಿನ ರಾಸಾಯನಿಕ ಗುರುತು ಸಿಕ್ಕ ವರದಿ 2017ರಲ್ಲಿ ಪ್ರಕಟವಾಯಿತು. ಆದರೆ ಆ ನೆಲೆಗಳಾದ ಗಡಾಚ್ರಿಲಿ ಗೋರಾ ಮತ್ತು ಶುಲಾವೆರಿಸ್ ಗೋರಾ ಇರುವುದು ಟಿಬಿಲಿಸಿಯ ದಕ್ಷಿಣಕ್ಕೆ. ಫಲಕದಲ್ಲಿ 8000 ಬರೆದ ಬಸ್ಸು ಹೋಗುವುದು ಪೂರ್ವಕ್ಕೆ.

ದಿಕ್ಕು ಆರಿಸುವುದು

ಕಾಖೇತಿಯ ಸಿಗ್ನಾಗಿ ಕಡೆ, ಕಾಖೇತಿಯ ತೆಲಾವಿ ಕಡೆ, ಟಿಬಿಲಿಸಿ ಸುತ್ತಲಿನ ಕಾರ್ತ್ಲಿ ಸೀಮೆ, ಪಶ್ಚಿಮದ ಇಮೆರೆತಿ ಸೀಮೆ. ಒಂದು ದಿನದ ಮಟ್ಟಿಗೆ ಇವು ನಾಲ್ಕು ಬೇರೆ ಪ್ರವಾಸಗಳು. ಸಿಗ್ನಾಗಿ ಮತ್ತು ತೆಲಾವಿಯನ್ನು ಒಂದೇ ದಿನಕ್ಕೆ ಜೋಡಿಸುವುದೇ ಅತಿ ಸಾಮಾನ್ಯ ತಪ್ಪು.

ಲೆಕ್ಕ ನೋಡಿ. ಟಿಬಿಲಿಸಿಯಿಂದ ಸಿಗ್ನಾಗಿ ಸುಮಾರು 110 ಕಿ.ಮೀ. ಅಲ್ಲಿಂದ ತೆಲಾವಿಗೆ 60ರ ಹತ್ತಿರ. ತೆಲಾವಿಯಿಂದ ಗೊಂಬೋರಿ ಘಾಟಿ ಹಾಯ್ದು ವಾಪಸು 95ರ ಆಸುಪಾಸು. ನಡುವೆ ಬೋಡ್ಬೆ ಮಠ, ಅಲಾವೆರ್ಡಿ ಮಠ, ಒಂದೆರಡು ಹಳ್ಳಿ ಸೇರಿಸಿದರೆ 300 ಕಿ.ಮೀ. ದಾಟುತ್ತದೆ. ದಾರಿ ಚೆನ್ನಾಗಿದ್ದರೂ ಆರು ಗಂಟೆ ಸೀಟಿನಲ್ಲೇ. ಗೊಂಬೋರಿ ಘಾಟಿ 1620 ಮೀಟರ್ ಎತ್ತರ, ಚಾರ್ಮಾಡಿಯ ತಿರುವುಗಳಲ್ಲಿ ಹೊಟ್ಟೆ ತೊಳೆಸುವವರಿಗೆ ಇಲ್ಲೂ ತೊಳೆಸುತ್ತದೆ. ಅದರಲ್ಲೂ ವೈನ್ ಕುಡಿದು ಸಂಜೆ ಹತ್ತುವ ಘಾಟಿ ಅದು. ಚಳಿಗಾಲದಲ್ಲಿ ಹಿಮ, ಮಂಜು. ಆಗ ಚಾಲಕರು ಗುರ್ಜಾನಿ ಕಡೆಯಿಂದ ಸುತ್ತಿ ಬರುತ್ತಾರೆ, ಒಂದು ಗಂಟೆ ಹೆಚ್ಚು.

ಸಿಗ್ನಾಗಿ ಕಡೆಯ ಲಾಭ ಎಂದರೆ ಊರೇ ಸಣ್ಣದು, ಗುಡ್ಡದ ಮೇಲಿದೆ, ಒಳಗೆಲ್ಲ ನಡೆದೇ ತಿರುಗಬಹುದು. ನೈಸರ್ಗಿಕ ವೈನಿನವರಲ್ಲಿ ಹೊರದೇಶಕ್ಕೆ ಹೆಚ್ಚು ಗೊತ್ತಿರುವ ಫೆಸೆಂಟ್ಸ್ ಟಿಯರ್ಸ್ ಇಲ್ಲಿನದು, 2007ರಲ್ಲಿ ಶುರುವಾದದ್ದು. ಅವರ ಊಟದ ಮನೆ ಊರೊಳಗೇ ಇದೆ. ಓಕ್ರೋಸ್ ಕೂಡ ಇದೇ ಊರಿನದು. ಕೆಳಗೆ ಅಲಾಜಾನಿ ಕಣಿವೆ, ಆಚೆ ಕಾಕಸಸ್ ಬೆಟ್ಟಸಾಲು. ವೈನ್ ಕುಡಿಯದವರು ಜೊತೆಗಿದ್ದರೆ ಅವರಿಗೂ ಹೊತ್ತು ಹೋಗುತ್ತದೆ.

ತೆಲಾವಿ ಕಡೆ ಊರಿಗಿಂತ ಸುತ್ತಲ ಹಳ್ಳಿಗಳಿಗೆ ತೂಕ. ಕ್ವೆವ್ರಿ ಹೇಗೆ ಹುಟ್ಟುತ್ತದೆ ಎಂದು ನೋಡಬೇಕಿದ್ದರೆ ತೆಲಾವಿ ಪಕ್ಕದ ವರ್ದಿಸುಬಾನಿಗೇ ಹೋಗಬೇಕು. ಅಲ್ಲಿನ ಕುಂಬಾರರು ತಿಗರಿ ಬಳಸದೆ ಮಣ್ಣಿನ ಸುರುಳಿಯ ಮೇಲೆ ಸುರುಳಿ ಇಟ್ಟು ಕೈಯಲ್ಲೇ ಗುಡಾಣ ಎಬ್ಬಿಸುತ್ತಾರೆ. ಒಂದು ಸುತ್ತು ಅರೆ ಒಣಗದೆ ಮುಂದಿನದನ್ನು ಇಡುವಂತಿಲ್ಲ, ಭಾರಕ್ಕೆ ಕುಸಿಯುತ್ತದೆ. ಹಾಗಾಗಿ ದೊಡ್ಡ ಗುಡಾಣಕ್ಕೆ ವಾರಗಟ್ಟಲೆ, ತಿಂಗಳುಗಟ್ಟಲೆ ಹಿಡಿಯುತ್ತದೆ. ಸುಟ್ಟ ಮೇಲೆ, ಇನ್ನೂ ಬಿಸಿಯಿರುವಾಗಲೇ ಒಳಮೈಗೆ ಜೇನುಮೇಣ ಸವರುತ್ತಾರೆ. ಮೇಣ ಮಣ್ಣಿನ ರಂಧ್ರದೊಳಗೆ ಇಳಿಯಬೇಕು, ಮೇಲೆ ಪದರವಾಗಿ ಕೂರಬಾರದು. ಅಲಾವೆರ್ಡಿ ಮಠವೂ ಈ ಕಡೆಯೇ. ಹನ್ನೊಂದನೇ ಶತಮಾನದ ಇಗರ್ಜಿ, ಅಲ್ಲಿನ ಸನ್ಯಾಸಿಗಳು ಇಂದಿಗೂ ಕ್ವೆವ್ರಿ ವೈನ್ ಮಾಡುತ್ತಾರೆ. ಒಳಗೆ ಹೋಗಲು ಹೆಂಗಸರ ತಲೆ, ಕಾಲು ಮುಚ್ಚಿರಬೇಕು. ಗಂಡಸರಿಗೆ ಚಡ್ಡಿ ನಡೆಯದು.

ಕಾರ್ತ್ಲಿ ಕಡೆ ಹೋಗುವವರು ಕಡಿಮೆ, ಅದೇ ಅದರ ಸೊಗಸು. ಮ್ತ್ಸ್ಖೇತಾ ಪಕ್ಕದ ಚರ್ದಾಖಿ ಹಳ್ಳಿ ಟಿಬಿಲಿಸಿಯಿಂದ ಒಂದು ಗಂಟೆಯೊಳಗಿನ ದಾರಿ. ಅಲ್ಲಿ ಇಯಾಗೋ ಬಿತಾರಿಶ್ವಿಲಿ ಚಿನೂರಿ ಎಂಬ ಒಂದೇ ತಳಿಯನ್ನು ಸಿಪ್ಪೆಯೊಡನೆಯೂ ಸಿಪ್ಪೆಯಿಲ್ಲದೆಯೂ ಕ್ವೆವ್ರಿಯಲ್ಲಿ ಮಾಡುತ್ತಾರೆ. ಪ್ರಮಾಣಪತ್ರ ಪಡೆದ ಸಾವಯವ ತೋಟ. ಒಂದೇ ಹಣ್ಣು, ಒಂದೇ ತೋಟ, ಸಿಪ್ಪೆ ಇದ್ದಾಗ ಒಂದು ರುಚಿ, ಇಲ್ಲದಾಗ ಇನ್ನೊಂದು. ಕ್ವೆವ್ರಿ ವೈನಿನ ಪಾಠವನ್ನು ಹತ್ತು ಬಾಟಲಿಗಿಂತ ಚೆನ್ನಾಗಿ ಈ ಎರಡು ಗ್ಲಾಸು ಹೇಳಿಕೊಡುತ್ತವೆ. ಚಿಕ್ಕ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ, ಅರ್ಧ ದಿನವೇ ಇದ್ದರೆ, ಕಾಖೇತಿ ಬಿಟ್ಟು ಇಲ್ಲಿಗೇ ಹೋಗಿ.

ಇಮೆರೆತಿ ಟಿಬಿಲಿಸಿಯಿಂದ ಒಂದು ದಿನದ ಮಾತಲ್ಲ. ಕುತೈಸಿಯೇ 200 ಕಿ.ಮೀ.ಗಿಂತ ದೂರ. ಕುತೈಸಿ ವಿಮಾನ ನಿಲ್ದಾಣಕ್ಕೇ ಬಂದಿಳಿಯುವವರು ಮಾತ್ರ ಯೋಚಿಸಲಿ. ಅಲ್ಲಿ ಗುಡಾಣಕ್ಕೆ ಚೂರಿ ಅನ್ನುತ್ತಾರೆ, ಸಿಪ್ಪೆಯ ಒಂದಂಶವನ್ನಷ್ಟೇ ತೊಟ್ಟಿಲ್ಲದೆ ಹಾಕುತ್ತಾರೆ, ವೈನ್ ತಿಳಿಯಾಗಿ ಹಗುರವಾಗಿರುತ್ತದೆ. ಕಾಖೇತಿಯ ಒಗರು ಒಗ್ಗದವರಿಗೆ ಇದು ಹಿಡಿಸುತ್ತದೆ.

ನಾಲ್ಕು ಬಗೆಯ ಪ್ರವಾಸ

*ದೊಡ್ಡ ಗುಂಪಿನ ಬಸ್ಸು.* ಬೆಳಗ್ಗೆ ಒಂಬತ್ತರ ಹೊತ್ತಿಗೆ ಹೊರಟು ರಾತ್ರಿ ಎಂಟಕ್ಕೆ ಬಿಡುತ್ತಾರೆ. ಅಗ್ಗ. ಒಬ್ಬರೇ ಹೋಗುವವರಿಗೆ, ವೈನಿಗಿಂತ ಊರು ನೋಡುವ ಆಸೆ ಇರುವವರಿಗೆ ಇದರಲ್ಲಿ ತಪ್ಪೇನಿಲ್ಲ. ಆದರೆ ಸಾವಯವ ಮರಾನಿ ಬೇಕೆಂದರೆ ಇದು ನಿಮ್ಮದಲ್ಲ. ಕಾರಣ ಸರಳ: ಮೂವತ್ತು ಜನ ಒಟ್ಟಿಗೆ ಇಳಿದರೆ ಮನೆಮಂದಿಯ ಮರಾನಿಯಲ್ಲಿ ನಿಲ್ಲಲು ಜಾಗವಿಲ್ಲ, ತೊಳೆಯಲು ಅಷ್ಟು ಗ್ಲಾಸಿಲ್ಲ. ಹಾಗಾಗಿ ಬಸ್ಸು ನಿಲ್ಲುವುದು ದೊಡ್ಡ ಕಾರ್ಖಾನೆಯ ಅಂಗಳದಲ್ಲೇ. ಕ್ವರೇಲಿಯಲ್ಲಿ ಬೆಟ್ಟ ಕೊರೆದು ಮಾಡಿದ ಏಳೂವರೆ ಕಿಲೋಮೀಟರಿಗೂ ಉದ್ದದ ಸುರಂಗದ ವೈನ್ ಕೋಠಿ ನೋಡಲು ಚೆಂದವೇ, ಆದರೆ ಅದು ಬೇರೆಯೇ ಲೋಕ.

*ಸಣ್ಣ ಗುಂಪಿನ, ವೈನಿಗೇ ಮೀಸಲಾದ ಮಾರ್ಗದರ್ಶಿ ಪ್ರವಾಸ.* ಆರರಿಂದ ಎಂಟು ಜನ, ಎರಡು ಅಥವಾ ಮೂರು ಮರಾನಿ, ಊಟ ಮರಾನಿಯಲ್ಲೇ. ತಲೆಗೆ ಬೀಳುವ ಖರ್ಚು ಬಸ್ಸಿನ ನಾಲ್ಕೈದು ಪಟ್ಟು. ಈ ದುಡ್ಡು ಹೋಗುವುದು ಗಾಡಿಗಲ್ಲ, ಮಾತಿಗೆ. ಹಳ್ಳಿಯ ವೈನ್ ಮಾಡುವವನಿಗೆ ಜಾರ್ಜಿಯನ್ ಬರುತ್ತದೆ, ವಯಸ್ಸಾದವರಿಗೆ ರಷ್ಯನ್ ಬರುತ್ತದೆ, ಇಂಗ್ಲಿಷ್ ಬಂದರೆ ಮಗಳಿಗೋ ಸೊಸೆಗೋ. "ಈ ವರ್ಷ ಎಷ್ಟು ದಿನ ಸಿಪ್ಪೆ ಜೊತೆ ಬಿಟ್ಟಿರಿ, ಯಾಕೆ?" ಎಂಬ ಪ್ರಶ್ನೆಗೆ ಸಿಗುವ ಹತ್ತು ನಿಮಿಷದ ಉತ್ತರವನ್ನು ಪೂರ್ತಿ ದಾಟಿಸುವ ಮಾರ್ಗದರ್ಶಿ ಇದ್ದರೆ ಕೊಟ್ಟ ದುಡ್ಡು ಸಾರ್ಥಕ. ಅದೇ ಉತ್ತರವನ್ನು "ಆರು ತಿಂಗಳಂತೆ" ಎಂದು ಮುಗಿಸುವವನಾದರೆ ದಂಡ. ಕಾದಿರಿಸುವ ಮೊದಲು ಮಾರ್ಗದರ್ಶಿ ಯಾರು, ಅವರೇ ಬರುತ್ತಾರೆಯೇ ಎಂದು ಕೇಳಿ.

*ಬಾಡಿಗೆ ಕಾರು, ಚಾಲಕ, ಭೇಟಿ ನೀವೇ ಗೊತ್ತುಮಾಡಿಕೊಂಡದ್ದು.* ಬೆಲೆ ಕಾರಿಗೆ, ತಲೆಗಲ್ಲ. ಮೂರು ನಾಲ್ಕು ಜನ ಇದ್ದರೆ ಲೆಕ್ಕದಲ್ಲಿ ಇದೇ ಮೇಲು. ಆದರೆ ಚಾಲಕ ಮಾರ್ಗದರ್ಶಿಯಲ್ಲ. ಅದಕ್ಕೇ ಕುಟುಂಬದಲ್ಲಿ ಇಂಗ್ಲಿಷ್ ಬಲ್ಲವರಿರುವ ಮರಾನಿಯನ್ನೇ ಹಿಡಿಯಬೇಕು. ಮೂರು ನಾಲ್ಕು ದಿನ ಮೊದಲೇ ಸಂದೇಶ ಕಳಿಸಿ, ಎಷ್ಟು ಜನ, ಎಷ್ಟು ಹೊತ್ತಿಗೆ, ಊಟ ಬೇಕೇ ಬೇಡವೇ, ಮಾಂಸ ತಿನ್ನದವರೆಷ್ಟು ಎಂದು ತಿಳಿಸಿ, ಹಿಂದಿನ ಸಂಜೆ ಇನ್ನೊಮ್ಮೆ ಖಚಿತಪಡಿಸಿಕೊಳ್ಳಿ. ಇದರಲ್ಲಿ ಕೆಡುವುದು ಎರಡು ಕಡೆ. ಒಂದು, ಚಾಲಕ ತನಗೆ ಪರಿಚಯದ, ಕಮಿಷನ್ ಸಿಗುವ ಅಂಗಡಿಗೆ "ಐದೇ ನಿಮಿಷ" ಎಂದು ತಿರುಗಿಸುವುದು. ಹೊರಡುವ ಮೊದಲೇ ನಿಲ್ಲುವ ಜಾಗಗಳನ್ನು ಬರೆದುಕೊಟ್ಟು ಬೆಲೆ ಮಾತಾಡಿದರೆ ಇದು ತಪ್ಪುತ್ತದೆ. ಇನ್ನೊಂದು, ಮನೆಯವರು ಪ್ರೀತಿಯಿಂದ ಚಾಲಕನಿಗೂ ಒಂದು ಗ್ಲಾಸು ಹಿಡಿಯುವುದು. ಅದಕ್ಕೆ ನೀವೇ ಅಡ್ಡ ಬನ್ನಿ, ಸಂಕೋಚ ಬೇಡ. ನಾವೇ ಕಾರು ಓಡಿಸಿಕೊಂಡು ಹೋಗುತ್ತೇವೆ ಅನ್ನುವವರಲ್ಲಿ ಒಬ್ಬರಿಗೆ ದಿನವಿಡೀ ಬರೀ ನೀರು.

*ಮಾರ್ಶ್ರೂತ್ಕಾ ಹತ್ತಿ ಹೋಗುವುದು.* ಇದು ನಮ್ಮ ಟೆಂಪೋ ಟ್ರಾವೆಲರ್ ಥರದ ಗಾಡಿ. ಸಿಗ್ನಾಗಿಗೆ ಸಮ್ಗೋರಿ ಮೆಟ್ರೋ ಹತ್ತಿರದಿಂದ, ತೆಲಾವಿಗೆ ಓರ್ತಾಚಾಲಾ ನಿಲ್ದಾಣದಿಂದ ಸಿಗುತ್ತದೆ. ನಾಲ್ಕರಲ್ಲಿ ಇದೇ ಅತಿ ಅಗ್ಗ. ಸಿಗ್ನಾಗಿಗೆ ಮಾತ್ರ ಇದು ಸರಿ, ಯಾಕೆಂದರೆ ಇಳಿದ ಮೇಲೆ ಗಾಡಿ ಬೇಡ. ಇಳಿದ ಕೂಡಲೇ ಕೊನೆಯ ಗಾಡಿ ಎಷ್ಟಕ್ಕೆಂದು ಕೇಳಿಕೊಳ್ಳಿ. ಸಂಜೆ ಆರರ ಆಸುಪಾಸಿಗೆ ಮುಗಿಯುತ್ತದೆ, ರಾತ್ರಿ ಗಾಡಿ ಇರುವುದಿಲ್ಲ. ತೆಲಾವಿಗೆ ಹೀಗೆ ಹೋದರೆ ಮರಾನಿಗಳು ಹಳ್ಳಿಗಳಲ್ಲಿ ಚದುರಿರುವುದರಿಂದ ಮತ್ತೆ ಟ್ಯಾಕ್ಸಿ ಹಿಡಿಯಲೇಬೇಕು, ಉಳಿಸಿದ್ದು ಅಲ್ಲೇ ಹೋಯಿತು.

ಇಬ್ಬರು, ವೈನ್ ಬಗ್ಗೆ ನಿಜವಾದ ಕುತೂಹಲ: ಸಣ್ಣ ಗುಂಪು. ನಾಲ್ವರ ಕುಟುಂಬ: ಕಾರು, ಒಂದೇ ದಿಕ್ಕು. ವಿದ್ಯಾರ್ಥಿ: ಮಾರ್ಶ್ರೂತ್ಕಾ, ಸಿಗ್ನಾಗಿ. ಮೊದಲ ಸಲ ಬಂದವರು, ಮತ್ತೆ ಬರುವುದು ಅನುಮಾನ, ಎಲ್ಲವನ್ನೂ ಒಮ್ಮೆ ಕಣ್ಣಲ್ಲಿ ಹಾಕಿಕೊಳ್ಳಬೇಕು: ಬಸ್ಸೇ ಆಗಲಿ.

ಯಾವ ತಿಂಗಳು

ದ್ರಾಕ್ಷಿ ಕೊಯ್ಲಿಗೆ ರ್ತ್ವೇಲಿ ಅನ್ನುತ್ತಾರೆ. ಕಾಖೇತಿಯಲ್ಲಿ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ. ಎಲ್ಲರೂ ಆಗಲೇ ಬರಬೇಕೆನ್ನುತ್ತಾರೆ. ಕೊಯ್ಲು, ತುಳಿತ, ಹುಳಿತ ಎಲ್ಲ ಕಣ್ಣೆದುರೇ ನಡೆಯುತ್ತದೆ, ನಿಜ. ಆದರೆ ಸಾಗರ, ಶಿರಸಿ ಕಡೆ ಅಡಿಕೆ ಕೊಯ್ಲಿನ ದಿನ ಮನೆಗೆ ನೆಂಟರು ಹೋದಂತೆ ಇದು. ಮರ್ಯಾದೆಗೆ ಕಮ್ಮಿಯಿಲ್ಲ, ಕೂತು ಮಾತಾಡಲು ಪುರುಸೊತ್ತಿಲ್ಲ. ಹುಳಿಯುವ ದಿನಗಳಲ್ಲಿ ಸಿಪ್ಪೆ ಮೇಲೆ ತೇಲಿ ಟೋಪಿಯಂತೆ ಕೂರುತ್ತದೆ. ಅದನ್ನು ದಿನಕ್ಕೆ ಮೂರು ನಾಲ್ಕು ಸಲ ಉದ್ದ ಕೋಲಿನಿಂದ ಒತ್ತಿ ಮುಳುಗಿಸದಿದ್ದರೆ ಮೇಲಿನ ಸಿಪ್ಪೆ ಒಣಗಿ ವಿನಿಗರ್ ಆಗುತ್ತದೆ. ನಿಮ್ಮ ಮಾತಿನ ನಡುವೆ ಅವರು ಎದ್ದು ಹೋದರೆ ಅದಕ್ಕೇ. ಆ ಗುಡಾಣದ ಬಾಯಿಗೆ ಮುಖ ಬಗ್ಗಿಸಿ ಮೂಸುವ ಸಾಹಸ ಬೇಡ, ಒಳಗೆ ತುಂಬಿರುವುದು ಇಂಗಾಲದ ಡೈಆಕ್ಸೈಡ್.

ನವೆಂಬರಿನಿಂದ ಮಾರ್ಚ್‌ವರೆಗೆ ಗುಡಾಣದ ಬಾಯಿಗೆ ಮುಚ್ಚಳ ಇಟ್ಟು ಮಣ್ಣು ಮೆತ್ತಿರುತ್ತಾರೆ. ಈ ತಿಂಗಳಲ್ಲಿ ಬಂದವರಿಗೆ ನಿಮ್ಮೆದುರು ತೆರೆದು ತೋರಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಯಾವ ಗುಡಾಣ ಎಂದು ಕೇಳಿ. ಹಳೆಯ ವರ್ಷದ, ಸಿಪ್ಪೆ ತೆಗೆದು ಮತ್ತೆ ತುಂಬಿದ ಗುಡಾಣವಾದರೆ ಸರಿ. ಸಿಪ್ಪೆಯೊಡನೆ ಮಾಗುತ್ತಿರುವುದನ್ನು ನಡುವೆ ತೆರೆದರೆ ಗಾಳಿ ಹೊಕ್ಕು ಕೆಡುತ್ತದೆ.

ನಮ್ಮ ಆಯ್ಕೆ ಏಪ್ರಿಲ್ ಮತ್ತು ಮೇ. ವಸಂತದಲ್ಲಿ ಮುಚ್ಚಳ ತೆರೆದು ತಿಳಿವೈನ್ ಮೇಲೆತ್ತುತ್ತಾರೆ. ಗುಡಾಣದ ಆಕಾರಕ್ಕೆ ಕಾರಣ ಆಗ ಅರ್ಥವಾಗುತ್ತದೆ: ಬೀಜ ಮೊದಲು ಚೂಪು ತಳಕ್ಕೆ ಜಾರುತ್ತದೆ, ಅದರ ಮೇಲೆ ಗಸಿ ಮತ್ತು ಸಿಪ್ಪೆ ಕೂರುತ್ತದೆ, ಕಹಿ ಬಿಡುವ ಬೀಜ ಹೀಗೆ ವೈನಿಗೆ ತಾಕದೆ ಉಳಿಯುತ್ತದೆ. ಅಗಲ ತಳದ ಪಾತ್ರೆಯಾಗಿದ್ದರೆ ಬೀಜವೆಲ್ಲ ಹರಡಿಕೊಂಡು ಆರು ತಿಂಗಳು ಕಹಿ ಬಿಡುತ್ತಿತ್ತು. ಮೇ ತಿಂಗಳಲ್ಲಿ ಒಂದೇ ಎಚ್ಚರ: ಟಿಬಿಲಿಸಿಯಲ್ಲಿ ಹೊಸ ವೈನ್ ಉತ್ಸವ ನಡೆಯುವ ವಾರಾಂತ್ಯದಲ್ಲಿ ಮರಾನಿಯ ಯಜಮಾನರು ಅಲ್ಲೇ ಇರುತ್ತಾರೆ, ಹಳ್ಳಿಯಲ್ಲಿ ಸಿಗುವುದಿಲ್ಲ. ಜುಲೈ, ಆಗಸ್ಟಿನಲ್ಲಿ ಕಣಿವೆಯ ಬಿಸಿಲು ಕಲಬುರಗಿಯನ್ನು ನೆನಪಿಸುತ್ತದೆ.

ಮಾತು ನಿಜವೋ ಎಂದು ನೋಡುವುದು

ಮೊದಲು ಕೋಣೆಗಲ್ಲ, ತೋಟಕ್ಕೆ ಕರೆದುಕೊಂಡು ಹೋಗಿ ಎನ್ನಿ. ಬಳ್ಳಿಯ ಸಾಲಿನ ಬುಡ ನೋಡಿ. ಹುಲ್ಲು, ಕಳೆ ಇದ್ದರೆ ಅಥವಾ ಅಗೆದ ಗುರುತು ಇದ್ದರೆ ಒಳ್ಳೆಯದು. ಸಾಲಿನ ನಡುವೆ ಹಸಿರು, ಬುಡದುದ್ದಕ್ಕೂ ನೇರವಾದ ಸುಟ್ಟ ಕಂದು ಪಟ್ಟಿ ಕಂಡರೆ ಅದು ಕಳೆನಾಶಕ. ಬಾಯಲ್ಲಿ ಏನೇ ಹೇಳಲಿ, ಅದು ಸಾವಯವ ತೋಟವಲ್ಲ.

ಏನು ಸಿಂಪಡಿಸುತ್ತೀರಿ ಎಂದು ಕೇಳಿ. "ಏನೂ ಇಲ್ಲ" ಎಂಬ ಉತ್ತರ ಕೇಳಲು ಹಿತ, ನಂಬಲು ಕಷ್ಟ. ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಗೊತ್ತು, ಬೂದಿ ರೋಗ, ಡೌನಿ ರೋಗ ಎರಡೂ ಬರುವ ಬಳ್ಳಿ ಇದು. "ತಾಮ್ರ ಮತ್ತು ಗಂಧಕ, ಇಷ್ಟು ಸಲ" ಎನ್ನುವುದು ಪ್ರಾಮಾಣಿಕ ಉತ್ತರ. ತಾಮ್ರ ಎಂದರೆ ಮಲೆನಾಡಿನಲ್ಲಿ ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಅದೇ ಬೋರ್ಡೋ ದ್ರಾವಣ, ಮೈಲುತುತ್ತ ಮತ್ತು ಸುಣ್ಣ. ಮೂಲದಲ್ಲಿ ಅದು ದ್ರಾಕ್ಷಿ ತೋಟದ್ದೇ ಔಷಧ. ಸಾವಯವದಲ್ಲೂ ಅದಕ್ಕೆ ಮಿತಿ ಉಂಟು: ಯುರೋಪಿನ ನಿಯಮದಂತೆ ಹೆಕ್ಟೇರಿಗೆ 7 ವರ್ಷದಲ್ಲಿ ಒಟ್ಟು 28 ಕಿಲೋ ತಾಮ್ರ.

ಕೋಣೆಯಲ್ಲಿ ಮೂಗೇ ಸಾಕ್ಷಿ. ಒಳ್ಳೆಯ ಮರಾನಿಯಲ್ಲಿ ತಂಪು ಮಣ್ಣಿನ ವಾಸನೆ, ತುಸು ಜೇನುಮೇಣ. ವಿನಿಗರ್ ಅಥವಾ ಮುಗ್ಗಲು ವಾಸನೆ ಇದ್ದರೆ ತೊಳೆಯುವುದರಲ್ಲಿ ಸೋಮಾರಿತನ. ಕ್ವೆವ್ರಿಯ ಕಷ್ಟವೆಲ್ಲ ತೊಳೆಯುವುದರಲ್ಲೇ ಇದೆ. ಚೆರ್ರಿ ಮರದ ತೊಗಟೆಯ ಪದರಗಳನ್ನು ಉದ್ದ ಕೋಲಿಗೆ ಕಟ್ಟಿದ ಕುಂಚದಿಂದ ಉಜ್ಜಿ, ಸುಣ್ಣದ ನೀರೋ ಬೂದಿ ನೀರೋ ಹಾಕಿ, ಬಿಸಿನೀರು ಹಾಕಿ, ಮೇಲೆ ಬಂದ ನೀರು ಕುಡಿಯುವಷ್ಟು ತಿಳಿಯಾಗುವವರೆಗೆ ಮತ್ತೆ ಮತ್ತೆ ತೊಳೆಯುತ್ತಾರೆ. ದೊಡ್ಡ ಗುಡಾಣವಾದರೆ ಮನುಷ್ಯನೇ ಒಳಗಿಳಿಯುತ್ತಾನೆ. ಆ ಕುಂಚ ತೋರಿಸಿ ಎಂದು ಕೇಳಿ. ಬಳಸಿ ಸವೆದಿದ್ದರೆ ಮರಾನಿ ಜೀವಂತ. ಗೋಡೆಗೆ ಅಲಂಕಾರಕ್ಕೆ ನೇತಾಡುತ್ತಿದ್ದರೆ ಗುಡಾಣವೂ ಅಲಂಕಾರಕ್ಕೇ ಇರಬಹುದು.

ಇನ್ನು ರುಚಿ. ಬಿಳಿ ದ್ರಾಕ್ಷಿಯಾದ ರ್ಕಾತ್ಸಿತೆಲಿಯನ್ನು ಸಿಪ್ಪೆ, ಬೀಜ, ತೊಟ್ಟಿನೊಡನೆ ಐದಾರು ತಿಂಗಳು ಬಿಟ್ಟರೆ ಬರುವುದು ಜೇನಿನ ಬಣ್ಣದ, ನಾಲಿಗೆ ಹಿಡಿಯುವ ಒಗರು ವೈನ್. ಗಟ್ಟಿ ಚಹಾ, ಒಣ ಏಪ್ರಿಕಾಟ್, ಅಡಿಕೆ ಚೊಗರಿನ ನೆನಪು ತರುತ್ತದೆ. ಇದು ದೋಷವಲ್ಲ. ಕಿಸಿ ಮತ್ತು ಖಿಖ್ವಿ ತಳಿಗಳು ಇದಕ್ಕಿಂತ ಮೃದು. ಹೊಸಬರು ಅಲ್ಲಿಂದ ಶುರುಮಾಡಬಹುದು. ಸಪೆರಾವಿ ಎಂಬ ಕಪ್ಪು ದ್ರಾಕ್ಷಿಯ ತಿರುಳೂ ಕೆಂಪು, ಹಲ್ಲು ಕಪ್ಪಾಗುತ್ತದೆ, ಅದನ್ನು ಕೊನೆಗಿಡಿ. ಮೋಡ ಮೋಡವಾಗಿರುವುದು, ತಳದಲ್ಲಿ ಗಸಿ ನಿಲ್ಲುವುದು ದೋಷವಲ್ಲ. ಮೊದಲಿಗೆ ಕೊಳೆತ ಮೊಟ್ಟೆಯ ವಾಸನೆ ಬಂದು ಗ್ಲಾಸು ತಿರುಗಿಸಿದ ಮೇಲೆ ಹೋದರೆ ಅದೂ ಅಡ್ಡಿಯಿಲ್ಲ. ಮೂಗಿಗೆ ಚುಚ್ಚುವ ವಿನಿಗರ್ ದೋಷವೇ. ಇನ್ನೊಂದು ಮೂಗಿಗೆ ಸಿಗದ ದೋಷವಿದೆ: ನುಂಗಿ ಹತ್ತು ಹದಿನೈದು ಸೆಕೆಂಡಿನ ಮೇಲೆ ಗಂಟಲ ಹಿಂದಿನಿಂದ ಇಲಿ ಗೂಡಿನ ವಾಸನೆ ಏಳುತ್ತದೆ. ವೈನಿನ ಹುಳಿಯಲ್ಲಿ ಅಡಗಿ ಕೂತು, ಎಂಜಲು ಬೆರೆತು ಹುಳಿ ತಗ್ಗಿದಾಗ ಹೊರಬರುವ ವಾಸನೆ ಅದು. ಗಂಧಕ ಪೂರ್ತಿ ಬಿಟ್ಟ ವೈನ್‌ಗಳಲ್ಲಿ ಹೆಚ್ಚು. ನೈಸರ್ಗಿಕ ಎಂದರೆ ಹೀಗೇ ಎಂದು ಯಾರಾದರೂ ಸಮಜಾಯಿಷಿ ಕೊಟ್ಟರೆ ಒಪ್ಪಬೇಡಿ.

ಸುರಿಯುವ ಲೆಕ್ಕವನ್ನೂ ತಲೆಯಲ್ಲಿಡಿ. ಒಂದು ಮರಾನಿಯಲ್ಲಿ ಐದು ವೈನ್, ತಲಾ 50 ಮಿ.ಲೀ. ಎಂದರೆ 250. ಮೂರು ಮರಾನಿಗೆ 750, ಅಂದರೆ ಒಬ್ಬರಿಗೆ ಪೂರ್ತಿ ಒಂದು ಬಾಟಲಿ, ಅದೂ ಊಟದ ಮೇಜಿನ ಸುರಿತ ಬಿಟ್ಟು. ಮೇಲೆ ಚಾಚಾ ಬೇರೆ. ಗುಡಾಣದಲ್ಲಿ ಉಳಿದ ಸಿಪ್ಪೆಗೂ ಚಾಚಾ ಎಂದೇ ಹೆಸರು, ಅದನ್ನು ಬಟ್ಟಿ ಇಳಿಸಿದ ಸಾರಾಯಿಗೂ ಅದೇ ಹೆಸರು. 50 ಶೇಕಡಾ ಮದ್ಯಸಾರ ಅಲ್ಲಿ ಸಾಮಾನ್ಯ. ಬೆಳಗ್ಗೆ ಹನ್ನೊಂದಕ್ಕೆ ಖಾಲಿ ಹೊಟ್ಟೆಯಲ್ಲಿ ಚಾಚಾ ರುಚಿ ನೋಡಿದವರಿಗೆ ಎರಡನೇ ಮರಾನಿಯ ನೆನಪೇ ಇರುವುದಿಲ್ಲ. ಉಗುಳಲು ಪಾತ್ರೆ ಕೇಳುವುದು ಅವಮಾನವಲ್ಲ, ವೈನ್ ಬಲ್ಲವರ ಲಕ್ಷಣ. ಆದರೆ ಊಟದ ಮೇಜಿನಲ್ಲಿ, ತಮಾದಾ ಎಂಬ ಹಿರಿಯ ಎದ್ದು ಹಾರೈಕೆ ಹೇಳುವಾಗ ಉಗುಳುವಂತಿಲ್ಲ. ಅಲ್ಲಿ "ಗೌಮಾರ್ಜೋಸ್" ಎಂದು ತುಟಿಗೆ ತಾಕಿಸಿ ಇಟ್ಟರೂ ನಡೆಯುತ್ತದೆ.

ಊಟ

ಈ ಊಟಕ್ಕೆ ಸುಪ್ರಾ ಎಂದು ಹೆಸರು. ಒಂದು ಗಂಟೆ ಎಂದು ಬರೆದಿದ್ದರೆ ಎರಡೂವರೆ ಎಂದು ಓದಿಕೊಳ್ಳಿ. ಊಟದ ನಂತರ ಮೂರನೇ ಮರಾನಿ ಇಟ್ಟ ಪ್ರವಾಸಗಳು ತಪ್ಪುವುದು ಇಲ್ಲೇ.

ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಪಾಲಕ್ ಅಥವಾ ಬೀಟ್‌ರೂಟ್ ಎಲೆಯನ್ನು ಅಕ್ರೋಟಿನೊಡನೆ ರುಬ್ಬಿದ ಪ್ಖಾಲಿ. ಅಕ್ರೋಟ್ ಹೂರಣ ಸುತ್ತಿದ ಬದನೆಕಾಯಿ, ಅದರ ಹೆಸರೇ ಬದ್ರಿಜಾನಿ, ಕಿವಿಗೆ ಬದನೆ ಎಂದೇ ಬೀಳುತ್ತದೆ. ಮಡಕೆಯಲ್ಲಿ ಬೇಯಿಸಿದ ಹುರುಳಿಕಾಯಿ ಬೀಜದ ಲೋಬಿಯೋ. ತಂದೂರಿನಂಥ ತೋನೆ ಒಲೆಯ ರೊಟ್ಟಿ. ಚೀಸ್ ತುಂಬಿದ ಖಾಚಾಪುರಿ. ಲೋಬಿಯೋಗೆ ಕೆಲವೊಮ್ಮೆ ಹಂದಿಮಾಂಸ ಹಾಕುತ್ತಾರೆ, ಅದಕ್ಕೇ "ಖೋರ್ತ್ಸಿಸ್ ಗರೇಶೆ", ಅಂದರೆ ಮಾಂಸವಿಲ್ಲದೆ, ಎಂಬ ಎರಡು ಪದ ಕಲಿತಿರಿ. ಇದಕ್ಕಿಂತ ಬಲವಾದ ಪದ "ಸಮಾರ್ಖ್ವೋ": ಅಲ್ಲಿನ ಕ್ರೈಸ್ತರ ಉಪವಾಸದ ಅಡುಗೆ, ಮಾಂಸ, ಮೊಟ್ಟೆ, ಹಾಲು ಏನೂ ಇರುವುದಿಲ್ಲ. ಬುಧವಾರ, ಶುಕ್ರವಾರ ಮತ್ತು ಈಸ್ಟರಿಗೆ ಮುಂಚಿನ ವಾರಗಳಲ್ಲಿ ಬಹಳಷ್ಟು ಮನೆಗಳಲ್ಲಿ ಅದೇ ಅಡುಗೆ. ದಿನ ಆರಿಸುವ ಅವಕಾಶವಿದ್ದರೆ ಬುಧವಾರ ಹೋಗಿ. ಅಕ್ರೋಟ್ ಆಗದವರು ಮಾತ್ರ ಮೊದಲೇ ಹೇಳಬೇಕು, ಅದಿಲ್ಲದ ತಟ್ಟೆ ಇಲ್ಲಿ ಕಡಿಮೆ.

ಬಾಟಲಿ ತರುವುದು

ಹಳ್ಳಿಗಳಲ್ಲಿ ನಗದು ಇಟ್ಟುಕೊಳ್ಳಿ, ಅಲ್ಲಿನ ನಾಣ್ಯದ ಹೆಸರು ಲಾರಿ. ಎಟಿಎಂ ಸಿಗುವುದು ಸಿಗ್ನಾಗಿ, ತೆಲಾವಿಯಂಥ ಊರುಗಳಲ್ಲಿ. ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನಿನಲ್ಲಿ ಅಗ್ಗಕ್ಕೆ ಕೊಡುವ ವೈನ್ ಅಂದಿನ ರಾತ್ರಿಗೆ ಸರಿ, ಊರಿಗೆ ತರಲು ಅಲ್ಲ, ಗಾಳಿ ಹೊಕ್ಕು ಕೆಲವೇ ದಿನದಲ್ಲಿ ಕಂದುತ್ತದೆ.

ಭಾರತಕ್ಕೆ ಸುಂಕವಿಲ್ಲದೆ ತರಬಹುದಾದ್ದು ತಲೆಗೆ 2 ಲೀಟರ್. 750 ಮಿ.ಲೀ.ಯ ಎರಡು ಬಾಟಲಿಗೆ ಒಂದೂವರೆ ಲೀಟರ್ ಆಯಿತು, ಮೂರನೆಯದು ಸೇರಿದರೆ 2.25, ಮಿತಿ ದಾಟಿತು. ಬಟ್ಟೆಯಲ್ಲಿ ಸುತ್ತಿ ಚೆಕ್‌ಇನ್ ಪೆಟ್ಟಿಗೆಯ ನಡುವಿಗೆ ಇಡಿ. ಸೌದಿ, ಕುವೈತ್, ಕತಾರ್‌ಗೆ ಮರಳುವವರು ಒಂದನ್ನೂ ತೆಗೆದುಕೊಳ್ಳಬೇಡಿ, ಮದ್ಯ ಒಳತರುವುದೇ ಅಲ್ಲಿ ನಿಷಿದ್ಧ. ಗಂಧಕವಿಲ್ಲದ ವೈನ್ ಬಿಸಿಗೆ ಬೇಗ ಬಗ್ಗುತ್ತದೆ. ಕಾರಿನ ಡಿಕ್ಕಿಯಲ್ಲಿ ಮಧ್ಯಾಹ್ನವಿಡೀ ಬಿಟ್ಟರೆ ಕ್ವೆವ್ರಿಯಲ್ಲಿ ಆರು ತಿಂಗಳು ಕಾದದ್ದು ನಾಲ್ಕು ಗಂಟೆಯಲ್ಲಿ ಹೋಗುತ್ತದೆ. ಎರಡನೇ ಮರಾನಿಯಲ್ಲಿ, ಹೊರಡುವ ಹೊತ್ತಿಗೆ ಕೊಳ್ಳಿ. ಮನೆಗೆ ಬಂದ ಮೇಲೆ ಒಂದು ವಾರ ತಂಪು, ಕತ್ತಲೆ ಜಾಗದಲ್ಲಿ ನಿಲ್ಲಿಸಿಡಿ, ಅಲುಗಿದ ಗಸಿ ಕೂರಲಿ. ತೀರಾ ತಣ್ಣಗೆ ಮಾಡಿದರೆ ಒಗರು ಒಂದೇ ಉಳಿದು ಪರಿಮಳ ಸಾಯುತ್ತದೆ. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಟ್ಟು ಸುರಿಯಿರಿ.